ಮೊಣಕಾಲವರೆಗಿನ ಬೂಟು, ಎರಡು ಜೊತೆ

ಒಂದೇ ಜೊತೆ ಇತ್ತು ಎಂದು ನನ್ನ ಗೆಳೆಯ ಹೇಳುತ್ತಾನೆ. ತೊಟ್ಟಿಲು ಕಾರ್ಯವಿರಲಿ, ಹೊಸ ಮನೆ ಹೊಗುವುದಿರಲಿ, ನಾಲ್ಕು ಮಂದಿ ಸೇರಿದಲ್ಲೆಲ್ಲ ಹೇಳುತ್ತಾನೆ. ಚೆನ್ನಾಗಿ ಹೇಳುತ್ತಾನೆ, ನಾನೂ ನಗುತ್ತೇನೆ.

ಎರಡು ಜೊತೆ ಇದ್ದವು. ಒಂದು ನನ್ನದು, ಒಂದು ಆತನದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಈ ಪುಟವನ್ನೇ ಮೂರು ಸಲ ಬರೆದು ಹರಿದಿದ್ದೇನೆ. ಒಮ್ಮೆ ಆತನ ಬೂಟು ಕಂದು ಬಣ್ಣದ್ದಾಯಿತು, ಇನ್ನೊಮ್ಮೆ ಹಳೆ ಇಟ್ಟಿಗೆಯ ಬಣ್ಣದ್ದು. ಬಣ್ಣ ಬಿಟ್ಟುಬಿಡೋಣ. ಎರಡು ಎಂಬುದನ್ನು ಬಿಡಲಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್, ಆತ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ಅಲ್ಲೇ ಗಾಜಿಪುರದ ಓಣಿಯಲ್ಲಿ ಇಬ್ಬರಿಗೂ ಸೇರಿ ಒಂದು ಕೋಣೆ. ಆತ ನನಗಿಂತ ಮೂರು ಬೆರಳು ಗಿಡ್ಡ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಸ್ಟುಡಿಯೋಕ್ಕೆ ಯಾರೋ ಬಿಟ್ಟುಹೋದ ವಿದೇಶಿ ಪತ್ರಿಕೆಯೊಂದರಲ್ಲಿ ಒಬ್ಬ ಗಂಡಸು ಗೋಡೆಗೆ ಒರಗಿ ನಿಂತಿದ್ದ. ಮೊಣಕಾಲವರೆಗೆ ಬೂಟು. ಸಿಪಾಯಿಯಲ್ಲ, ಕುದುರೆ ಸವಾರನೂ ಅಲ್ಲ, ಸುಮ್ಮನೆ ಹಾಕಿಕೊಂಡಿದ್ದ. ನಮ್ಮಿಬ್ಬರನ್ನೂ ಹಿಡಿದದ್ದು ಅದೇ. ಯಾವ ಕೆಲಸಕ್ಕೂ ಅಲ್ಲದ ಬೂಟು. ಪತ್ರಿಕೆಯ ಆ ಹಾಳೆಯನ್ನು ಮಡಚಿ ಆತ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಊರಿನ ಚಪ್ಪಲಿ ಅಂಗಡಿಗಳಿಗೆಲ್ಲ ಅದನ್ನು ಬಿಚ್ಚಿ ತೋರಿಸಿದೆವು.

"ಹೊಲಕ್ಕೇನ್ರಿ?" ಎಂದು ಒಬ್ಬ ಅಂಗಡಿಯವನು ರಬ್ಬರಿನ ಗಂಬೂಟು ತೆಗೆದಿಟ್ಟ.

"ಹೊಲಕ್ಕಲ್ರಿ. ಹಾಕ್ಕೊಳ್ಳಾಕ."

"ಹಾಕ್ಕೊಂಡು ಎಲ್ಲಿ ಹೋಗ್ತೀರಿ?"

ಹಾಳೆ ಮಡಚಿಕೊಂಡು ಮುಂದಿನ ಅಂಗಡಿಗೆ ನಡೆದೆವು. ಪೊಲೀಸರ ಬೂಟು ಹೊಲಿಯುವವನೊಬ್ಬ ಚಿತ್ರ ನೋಡಿ, ಇಷ್ಟು ಚರ್ಮದಲ್ಲಿ ಮೂರು ಜೊತೆ ಆಗುತ್ತವೆ ಎಂದು ಕೈ ಕೊಡವಿಬಿಟ್ಟ.

ಕೊನೆಗೆ ಸಿಕ್ಕಿದ್ದು ನೆಹರು ಗಂಜ್ ರಸ್ತೆಯ ಬದಿಗೆ, ಒಂದು ಭಾನುವಾರ, ತಾಡಪಾಲಿನ ಮೇಲೆ ಸುರಿದಿದ್ದ ಹೊರದೇಶದ ಹಳೆ ಬೂಟುಗಳ ರಾಶಿಯಲ್ಲಿ. ತೊಗರಿ ಚೀಲ ಹೊತ್ತ ಹಮಾಲರು ಪಕ್ಕದಲ್ಲೇ ಹಾಯುತ್ತಿದ್ದರು. ನಾವಿಬ್ಬರೂ ಮಂಡಿಯೂರಿ ಕೆದಕುತ್ತಿದ್ದೆವು. ಮೊದಲು ನನ್ನ ಜೊತೆ ಸಿಕ್ಕಿತು: ಕಪ್ಪು, ಪಕ್ಕಕ್ಕೆ ಜಿಪ್ಪು, ಒಂದು ಬೆರಳು ಎತ್ತರದ ಹಿಮ್ಮಡಿ, ಕಾಲ ಹರಡಿನ ಹತ್ತಿರ ದಾರದಲ್ಲಿ ಹೊಲಿದ ಸಣ್ಣ ಹೂವು.

"ಸಾಬ್, ವೋ ಲೇಡೀಸ್ ಹೈ," ಎಂದ ಮಾರುವವನು. "ಮನಿಯವರಿಗೇನ್ರಿ?"

"ಮನಿಯವರು ಇನ್ನೂ ಬಂದಿಲ್ಲ," ಎಂದ ನನ್ನ ಗೆಳೆಯ. "ಬರೋತನ ನಾವ ಹಾಕ್ಕೊತೀವಿ."

ರಾಶಿಯ ಅಡಿಗೆ ಕೈಹಾಕಿ ಆತ ತನ್ನದನ್ನು ಎಳೆದ. ಒಳಗೆ ಮೆತ್ತನೆಯ ತುಪ್ಪಳ, ಇದಕ್ಕೂ ಪಕ್ಕಕ್ಕೆ ಜಿಪ್ಪು, ಮೇಲಂಚಿಗೆ ಬಕಲ್ಲು, ನಾಲ್ಕು ಬೆರಳು ಎತ್ತರದ ಹಿಮ್ಮಡಿ. ಹೆಂಗಸರ ಬೂಟು ಎಂಬುದಕ್ಕೆ ನನ್ನದರಲ್ಲಿ ಇದ್ದದ್ದು ಒಂದು ಹೂವು. ಆತನದರಲ್ಲಿ ಸಂಶಯಕ್ಕೆ ಜಾಗವೇ ಇರಲಿಲ್ಲ. ಹೊರದೇಶದ ಹೆಂಗಸರ ಕಾಲು ದೊಡ್ಡವಿರಬೇಕು, ಎರಡೂ ನಮಗೆ ಸರಿಯಾಗಿ ಕೂತವು.

ಆ ಸಂಜೆ ಹಾಕಿಕೊಂಡೇ ನಡೆದೆವು. ಆಟೋದವನೊಬ್ಬ ಕೂಗಿದ: "ಕ್ಯಾ ಹೀರೋ, ಘೋಡಾ ಕಿದರ್ ಹೈ?"

"ಗಂಜಿನ್ಯಾಗ ಕಟ್ಟಿ ಬಂದೀವಿ ರೀ. ಹಸಿದದ, ಒಂದೀಟು ಹುಲ್ಲು ಹಾಕ್ರಿ," ಎಂದು ಗೆಳೆಯ ತಿರುಗಿ ಕೂಗಿದ. ಆಟೋದವನು ನಕ್ಕು ಹೋದ. ಹಾಗಿದ್ದ ಆತ. ಆತನ ಜೊತೆ ನಡೆಯುವಾಗ ನನಗೆ ಹೆದರಿಕೆ ಎಂಬುದೇ ಇರಲಿಲ್ಲ. ಹೀಗೆ ಬರೆದ ಮೇಲೆ ಇದು ಮುಂದಾದದ್ದಕ್ಕಾಗಿ ನಾನು ಈಗ ಹಚ್ಚುತ್ತಿರುವ ಬಣ್ಣವೇ ಎಂದು ಅನುಮಾನ. ಇರಲಿಕ್ಕಿಲ್ಲ. ಹುಲ್ಲಿನ ಮಾತು ನನಗೆ ಹುಟ್ಟುವಂಥದ್ದಲ್ಲ.

ಮುಂದಿನ ಭಾನುವಾರ ಸ್ಟುಡಿಯೋದ ಶಟರ್ ಅರ್ಧ ಇಳಿಸಿ, ಬೂಟು ಹಾಕಿಕೊಂಡು ಫೋಟೊ ತೆಗೆದುಕೊಂಡೆವು. ಹಿಂದೆ ಬಣ್ಣ ಬಳಿದ ತೋಟದ ಪರದೆ. ಆತ ಕ್ಯಾಮೆರಾ ಗುಂಡಿ ಒತ್ತಿ ಓಡಿ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. ಕನ್ನಡಿಯಲ್ಲಿ ನೋಡಿಕೊಂಡು, "ಲೇ, ಇವತ್ತ ನಾ ನಿನ್ನ ಸಮಾ ಅದೀನಿ," ಎಂದ. ಪ್ರಿಂಟ್ ಹಾಕಿ ಕೊಡುತ್ತೇನೆ ಎಂದಿದ್ದ.

ಅದೇ ಹೊತ್ತಿಗೆ ಕಮಲಾಪುರದಲ್ಲಿದ್ದ ನನ್ನ ಕಾಕಾ ತಮ್ಮ ಮಗಳಿಗೆ, ಅಂದರೆ ನನ್ನ ತಂಗಿಗೆ, ವರ ಹುಡುಕುತ್ತಿದ್ದರು. ಗೆಳೆಯನ ಹೆಸರು ಹೇಳಿದವನು ನಾನೇ. ಹುಡುಗಿ ನೋಡಲು ಹೋಗುವ ದಿನ ಗೊತ್ತಾಯಿತು. ಬೂಟಿನ ವಿಚಾರ ತೆಗೆದವನು ಆತ.

"ಹಾಕ್ಕೊಂಡೇ ಹೋಗೂಣು. ಹುಡುಗಿ ಮೊದಲ ದಿನಾನ ನೋಡ್ಲಿ, ಆಮ್ಯಾಲ ಮಾತು ಬರಬಾರದು."

"ನೀ ಹಾಕ್ಕೊ. ವರ ನೀನು. ನಾ ಯಾಕ?"

"ಒಬ್ಬ ಹಾಕ್ಕೊಂಡ್ರ ಹುಚ್ಚ ಅಂತಾರೋ. ಇಬ್ರು ಹಾಕ್ಕೊಂಡ್ರ ಫ್ಯಾಶನ್ ಅಂತಾರ. ನಿಮ್ಮ ಮನಿ ಅದು, ನೀ ಹಾಕ್ಕೊಂಡ್ರ ನನಗ ಧೈರ್ಯ."

ಬಸ್ ಸ್ಟ್ಯಾಂಡಿಗೆ ಆತ ಚಪ್ಪಲಿಯಲ್ಲಿ ಬಂದ, ಕೈಯಲ್ಲಿ ಚೀಲ. ಬಸ್ಸಿನಲ್ಲಿ ಮಂದಿ ಕಾಲು ತುಳಿಯುತ್ತಾರೆ, ಅಲ್ಲಿ ಇಳಿದು ಹಾಕಿಕೊಳ್ಳುತ್ತೇನೆ ಎಂದ. "ನೀ ಮಾತ್ರ ಬಿಚ್ಚಬ್ಯಾಡ ಮತ್ತ." ಕಮಲಾಪುರದಲ್ಲಿ ಇಳಿದು ಚಹಾದ ಹೋಟೆಲಿನ ಹಿಂದೆ ಹೋದವನು ಚಪ್ಪಲಿಯಲ್ಲೇ ವಾಪಸ್ ಬಂದ.

"ಜಿಪ್ಪು ಹಿಡದದೋ. ಏರವಲ್ದು."

"ಕೊಡು, ನೋಡ್ತೀನಿ."

"ಹೊತ್ತಾಗ್ತದ, ನಡಿ. ನಿನ್ನವು ಅದಾವಲ್ಲ, ಸಾಕು." ಚೀಲವನ್ನು ಹೋಟೆಲಿನಲ್ಲೇ ಇಟ್ಟ.

ನಮ್ಮ ಕಡೆ ಕೆರ ಬಿಡುವುದೆಂದರೆ ನಡೆಯುತ್ತಲೇ ಬಿಡುವುದು, ಒಳಗೆ ಹೋಗುವವರು ನಿಲ್ಲುವುದೇ ಇಲ್ಲ. ನಾನು ಕಟ್ಟೆಯ ಮೇಲೆ ಕೂತು, ಒಂದೊಂದೇ ಕಾಲು ಚಾಚಿ, ಜಿಪ್ಪು ಎಳೆದು ಬಿಚ್ಚಬೇಕಾಯಿತು. ಅಷ್ಟು ಹೊತ್ತೂ ಕಾಕಾ ಬಾಗಿಲಲ್ಲಿ ನಿಂತು ನೋಡಿದರು. ಚಪ್ಪಲಿಗಳ ಸಾಲಿನಲ್ಲಿ ನನ್ನ ಬೂಟು ಒಂದು ನೆಟ್ಟಗೆ ನಿಂತಿತು, ಇನ್ನೊಂದು ಬಗ್ಗಿತು.

ಪಡಸಾಲೆಯಲ್ಲಿ ಕೂತೆವು. ಕೆಂಪು ಬಾಳೆಹಣ್ಣು, ಚೂಡಾ, ಚಹಾ ಬಂದವು. ಹುಡುಗಿ ಬಂದು ಕೂತಳು. ಮಾತು ಚೆನ್ನಾಗಿಯೇ ನಡೆದಿತ್ತು. ಆಗ ಪಕ್ಕದ ಮನೆಗೆ ಹೋಗಿದ್ದ ನಮ್ಮಜ್ಜಿ ಹಿತ್ತಲ ಕಡೆಯಿಂದಲ್ಲ, ಮುಂಬಾಗಿಲಿನಿಂದಲೇ ಬಂದಳು. ಕಟ್ಟೆಯ ಮುಂದೆ ಒಂದು ಗಳಿಗೆ ನಿಂತದ್ದು ಕಂಡಿತು. ನಮ್ಮನ್ನು ನೋಡದೆ ಸೀದಾ ಅಡಿಗೆಮನೆಗೆ ಹೋದಳು. ಒಳಗಿನಿಂದ ದನಿ ಕೇಳಿತು.

"ಊರಿಂದ ಹೆಣ್ಣಮಗಳು ಬಂದಾಳ, ಹಣಿಗೆ ಕುಂಕುಮ ಹಚ್ಚವರು ಒಬ್ಬರಿಲ್ಲೇನ ಈ ಮನ್ಯಾಗ?"

ಒಳಗಿದ್ದವರು ಏನೋ ಅಂದರು. ಅಜ್ಜಿ ಕೇಳಲಿಲ್ಲ. ಅರಿಷಿಣ, ಕುಂಕುಮ, ಮೇಲೊಂದು ಕುಪ್ಪಸದ ಖಣ ಇಟ್ಟ ತಟ್ಟೆ ಹಿಡಿದು ಪಡಸಾಲೆಗೆ ಬಂದು ಮಂದಿಯನ್ನೆಲ್ಲ ನೋಡಿದಳು. "ಎಲ್ಲಿ ಆಕಿ? ಹೂವಿನ ಬೂಟಿನಾಕಿ?"

ಹುಡುಗಿ ತಲೆ ಬಗ್ಗಿಸಿದಳು, ಹೆಗಲು ಅಲುಗಾಡುತ್ತಿದ್ದವು.

"ಯಾರವು ಅವು?" ಎಂದರು ಕಾಕಾ. ಗೊತ್ತಿದ್ದೂ ಕೇಳಿದರು.

ನಾನು ಗೆಳೆಯನ ಕಡೆ ನೋಡಿದೆ. ಆತ ಹೇಳಬೇಕಾದ್ದು ದೊಡ್ಡದೇನಲ್ಲ. ನನ್ನ ಹತ್ರಾನೂ ಒಂದು ಜೊತೆ ಅದಾವ ರೀ. ಅಷ್ಟೇ. ಇಬ್ಬರಾದರೆ ಫ್ಯಾಶನ್ ಎಂದವನು ಆತನೇ ತಾನೆ. ಆತ ಮೊದಲು ಬಾಳೆಹಣ್ಣಿನ ಸಿಪ್ಪೆಯನ್ನು ತಟ್ಟೆಯಲ್ಲಿಟ್ಟ, ಆಮೇಲೆ ನಕ್ಕ.

"ನಾ ಹೇಳಿದ್ದೆ ರೀ ಮಾವಾರ, ಹೆಣ್ಣಮಕ್ಕಳವು ಅವು ಅಂತ. ಕೇಳಬೇಕಲ್ಲ ಇವ."

ಪಡಸಾಲೆಯೆಲ್ಲ ನಕ್ಕಿತು. ಕಾಕಾ ಕಣ್ಣೊರೆಸಿಕೊಂಡು ನಕ್ಕರು. ತಮ್ಮನ್ನು ಮಾವಾರ ಎನ್ನಲು ಆತನಿಗೆ ಆಗಲೇ ಬಿಟ್ಟಿದ್ದರು.

ಅಜ್ಜಿಯೊಬ್ಬಳು ನಗಲಿಲ್ಲ. ಬಂದವರಿಗೆಂದು ತಂದ ತಟ್ಟೆಯನ್ನು ಹಾಗೇ ಒಳಗೆ ಒಯ್ಯುವುದು ಆಕೆಗೆ ಆಗದ ಮಾತು. ನನ್ನ ಮುಂದೆ ಬಗ್ಗಿ ಹಣೆಗೆ ಕುಂಕುಮ ಹಚ್ಚಿ, ಖಣವನ್ನು ಕೈಯಲ್ಲಿಟ್ಟಳು. "ನಿನ್ನವೇನೋ ಮಗಾ? ಇರ್ಲಿ ಬಿಡು. ಕಾಲು ಬೆಚ್ಚಗ ಇರ್ತಾವೇನು?"

"ಇರ್ತಾವ," ಎಂದೆ.

ಅಜ್ಜಿ ಹೀಗೆ ಕೇಳಿದಳೋ, ನನ್ನ ಸಮಾಧಾನಕ್ಕೆ ನಾನೇ ಕೇಳಿಸಿದೆನೋ, ಆಣೆ ಮಾಡಿ ಹೇಳಲಾರೆ. ಖಣ ಮಾತ್ರ ನನ್ನ ಟ್ರಂಕಿನಲ್ಲಿ ಈಗಲೂ ಇದೆ.

ವಾಪಸ್ ಬಸ್ಸಿನಲ್ಲಿ ಚೀಲ ನಮ್ಮಿಬ್ಬರ ನಡುವೆ ಇತ್ತು. ಆತನನ್ನು ಕೇಳದೆ ಬಾಯಿ ಬಿಚ್ಚಿ, ಬೂಟು ತೆಗೆದು ಜಿಪ್ಪು ಎಳೆದೆ. ಸರ್ರನೆ ಮೇಲೆ ಹೋಯಿತು. ಕೆಳಗೆ ಎಳೆದೆ, ಬಂತು. ಇನ್ನೊಂದನ್ನೂ ನೋಡಿದೆ.

"ಈಗ ಬಿಟ್ಟದ ನೋಡು," ಎಂದ. ಆಮೇಲೆ ಕಿಟಕಿಯ ಕಡೆ ತಿರುಗಿ, "ದೋಸ್ತ, ನನ್ನ ಲಗ್ನದ ಮಾತು ಅದು. ನೀ ಅವರ ಮನಿ ಹುಡುಗ, ನಿನಗೇನಾಗ್ತದ?"

ನನಗೇನಾಯಿತೆಂದರೆ, ಆ ಮನೆಯಲ್ಲಿ ಮುಂದೆ ಹುಟ್ಟಿದ ಮಕ್ಕಳೆಲ್ಲ ನನ್ನನ್ನು ಬೂಟ್ ಮಾಮಾ ಎಂದು ಕರೆಯುತ್ತಾರೆ. ಅದು ಅಂಥ ದೊಡ್ಡ ನಷ್ಟವಲ್ಲ. ಆದರೆ ಆ ದಿನದಿಂದ ಬೂಟು ಹಾಕಿಕೊಂಡು ರಸ್ತೆಗಿಳಿದರೆ ಪಕ್ಕದಲ್ಲಿ ಉತ್ತರ ಕೊಡುವವರಿರಲಿಲ್ಲ. ಒಬ್ಬನೇ ಇನ್ನೊಂದು ವರ್ಷ ಹಾಕಿಕೊಂಡೆ, ಜಿಪ್ಪಿನ ಹಲ್ಲು ಹೋಗುವವರೆಗೆ. ಆತ ತನ್ನದನ್ನು ಏನು ಮಾಡಿದನೋ ಹೇಳಲಿಲ್ಲ. ಫೋಟೊ ಕೇಳಿದಾಗಲೆಲ್ಲ ನೆಗೆಟಿವ್ ಸಿಗವಲ್ದು ಎನ್ನುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆತ ಸ್ವಂತ ಸ್ಟುಡಿಯೋ ಮಾಡಿ, ಮನೆ ಕಟ್ಟಿಸಿದ. ಮನೆ ನೋಡಲು ಹೋದಾಗ ಪಡಸಾಲೆಯ ಗೋಡೆಯ ಮೇಲೆ ಆ ಫೋಟೊ ಕಂಡಿತು. ಚೌಕಟ್ಟು ಹಾಕಿಸಿದ್ದ. ತೋಟದ ಪರದೆ, ನಾನು, ಆತ, ಹೆಗಲ ಮೇಲೆ ಕೈ. ಮೊಣಕಾಲಿಗಿಂತ ಮೇಲೆಯೇ ಚಿತ್ರ ಮುಗಿದಿತ್ತು. ಪ್ರಿಂಟ್ ಹಾಕುವಾಗಲೇ ಕತ್ತರಿಸಿದ್ದ. ನಾನು ಬಹಳ ಹೊತ್ತು ನಿಂತಿರಬೇಕು, ತಂಗಿ ಚಹಾ ಹಿಡಿದು ಬಂದು ಪಕ್ಕದಲ್ಲಿ ನಿಂತಳು.

"ಯಣ್ಣಾ, ಇದ್ರಾಗ ಇವರು ನಿನ್ನ ಸಮಾ ಹೆಂಗ ಅದಾರ? ನಾ ಭಾಳ ದಿನದಿಂದ ಕೇಳಬೇಕಂತಿದ್ದೆ."

ಬೂಟು ಕತ್ತರಿಸಿದವನಿಗೆ ಅದರ ಹಿಮ್ಮಡಿ ಕೊಟ್ಟ ಎತ್ತರ ಕತ್ತರಿಸುವುದು ಹೊಳೆದಿರಲಿಲ್ಲ. ನಾನು ಆತನ ಕಡೆ ನೋಡಿದೆ, ಕಮಲಾಪುರದಲ್ಲಿ ನೋಡಿದಂತೆಯೇ. ಈಗ ಲಗ್ನದ ಮಾತಿಲ್ಲ, ಕಾಕಾ ಇಲ್ಲ, ಕೇಳುತ್ತಿರುವವಳು ಆತನ ಹೆಂಡತಿ. ಹೇಳಿದ್ದರೆ ನಗುತ್ತಿದ್ದಳು, ಅಷ್ಟೇ.

"ಸ್ಟೂಲ್ ಮ್ಯಾಲ ನಿಂತಿದ್ದೆ," ಎಂದ ಆತ. "ಗಿಡ್ಡ ಇದ್ದವರಿಗೆ ಅಂತ ಒಂದು ಸ್ಟೂಲ್ ಇರ್ತದ ನಮ್ಮಲ್ಲಿ. ಕೇಳು ಬೇಕಾದ್ರ ಇವನ್ನ."

ತಂಗಿ ನನ್ನನ್ನು ನೋಡಿದಳು. ಸ್ಟುಡಿಯೋದಲ್ಲಿ ಅಂಥ ಸ್ಟೂಲು ಇದ್ದದ್ದು ನಿಜ.

"ಇತ್ತು," ಎಂದೆ.

ಹೊರಡುವಾಗ ಆತ ಬಾಗಿಲವರೆಗೆ ಬಂದ. ನಾನು ನಿಂತ ಕಾಲಲ್ಲೇ ಚಪ್ಪಲಿ ಮೆಟ್ಟಿದೆ. ಆತ ಎಂದಿನಂತೆ ನನ್ನ ಹೆಗಲ ಮೇಲೆ ಕೈ ಹಾಕಿದ. ಕೈಯನ್ನು ತುಸು ಮೇಲಕ್ಕೆತ್ತಬೇಕಾಯಿತು.