ತಟ್ಟೆ ನೋಡಿ ಹೇಳಿದ ರಿಸಲ್ಟು

ನಮ್ಮಮ್ಮ ಭದ್ರಾವತಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಾರೆ. ನಾನು ಅದೇ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ಇಷ್ಟು ವಾರ ಈ ಅಂಕಣದಲ್ಲಿ ನಿಮ್ಮ ಹತ್ತಿರ ಏನೇನೋ ಹರಟಿದ್ದೇನೆ, ಈ ಮಾತೊಂದನ್ನು ಬಿಟ್ಟು. ಇವತ್ತು ಎದೆಯುಬ್ಬಿಸಿಕೊಂಡು ಬರೆಯುತ್ತಿದ್ದೇನೆ. ಯಾಕೆ ಗೊತ್ತೇ?

ಹೋದ ವಾರ ನಮ್ಮಲ್ಲಿ ಓಟಿಂಗ್ ನಡೆಯಿತು. ಕ್ಯಾಂಟೀನಿನ ಅಡುಗೆಗೆ ಹಳೆಯ ಪೆರುಮಾಳನೇ ಇರಲೋ, ಶಿವಮೊಗ್ಗದ ಹೊಸ ಕಂಟ್ರಾಕ್ಟರು ಬರಲೋ? ಕಾರ್ಮಿಕರೇ ಚೀಟಿ ಹಾಕಿ ತೀರ್ಮಾನಿಸಬೇಕು. ಸೋತರೆ ಪೆರುಮಾಳ್ ಕೆಲಸಕ್ಕೂ ಕ್ವಾರ್ಟರ್ಸಿಗೂ ಕೈಮುಗಿದು ಹೊರಡಬೇಕು.

ಮೊದಲೇ ರಿಸಲ್ಟ್ ತಿಳಿಯುವ ಚಪಲ ನನಗೆ. ಪೆನ್ಸಿಲ್ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. (ಗುಮಾಸ್ತನ ಬುದ್ಧಿ ಎಲ್ಲಿ ಹೋಗುತ್ತದೆ?)

"ಆ ಸಾಂಬಾರಾ? ಬರೀ ನೀರು ಮಾರಾಯ. ಬದಲಾಗ್ಲಿ" ಎಂದರು ಫಿಟ್ಟರ್ ರುದ್ರಪ್ಪ. ಉಳಿದವರದ್ದೂ ಅದೇ ರಾಗ.

ಸುದ್ದಿ ಪೆರುಮಾಳ್ ಕಿವಿಗೂ ಬಿತ್ತು. "ಪರವಾಗಿಲ್ಲ ಸಾರ್, ಟ್ರಂಕು ಕಟ್ಟಿಟ್ಟೆ" ಎಂದ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ, "ಪೆರುಮಾಳ್ ಕಥೆ ಮುಗೀತು."

ಅಮ್ಮ ನಕ್ಕರು. "ನೀನು ಬಾಯಿ ಕೇಳ್ಕೊಂಡು ಬಂದಿದೀಯ. ನಾನು ತಟ್ಟೆ ನೋಡ್ತೀನಿ. ಆ ರುದ್ರಪ್ಪ ಬಟ್ಟಲನ್ನ ಬೆರಳಲ್ಲಿ ಬಳಿದು ಇಡ್ತಾನೆ, ತೊಳೆಯೋಕೆ ನಂಗೇನೂ ಉಳಿದಿರಲ್ಲ. ಎಲ್ರೂ ಅಷ್ಟೇ. ಪೆರುಮಾಳ್ ಎಲ್ಲೂ ಹೋಗಲ್ಲ ಬಿಡು."

"ಕಂಟ್ರಾಕ್ಟರು ಸ್ಯಾಂಪಲ್ ಊಟ ಹಾಕಿದಾಗ ಎಲ್ರೂ ಹೊಗಳಿದ್ರಲ್ಲ?"

"ಹೊಗಳಿದ್ರು. ಅವತ್ತು ಎಂಜಲು ಬಕೆಟ್ಟು ತುಂಬಿ ಚೆಲ್ತು. ಮಲವಗೊಪ್ಪದಿಂದ ಎಮ್ಮೆಗೆ ಅಂತ ಒಯ್ಯೋಕೆ ಬರ್ತಾನಲ್ಲ ನಿಂಗಪ್ಪ, ದಿನಾ ಇಂಥದ್ದೇ ಅಡುಗೆ ಮಾಡಿಸಿ ಅಂದು ಹೋದ."

ಮರುದಿನ ಆಫೀಸರ ಮುಂದೆ "ಪೆರುಮಾಳ್ ಗೆಲ್ತಾನೆ ಸಾರ್" ಎಂದೆ, ನನ್ನದೇ ಬುದ್ಧಿವಂತಿಕೆ ಎಂಬಂತೆ. ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ ಮತ್ತೆ ಫೈಲು ತಿರುವಿದರು.

ಶನಿವಾರ ಡಬ್ಬಿ ತೆರೆದು ಎಣಿಸಿದರು. ಪೆರುಮಾಳ್ ಗೆದ್ದ, ಅದೂ ಸಲೀಸಾಗಿ. (ನನ್ನ ಚೀಟಿಯೂ ಅವನಿಗೇ. ಆ ಸಾಂಬಾರನ್ನು ನಾನೂ ಎಷ್ಟೋ ಸಲ ಬೈದಿದ್ದೆ ಎನ್ನುವುದು ಬೇರೆ ಮಾತು.)

ಆಫೀಸರು ಎಲ್ಲರೆದುರು ಕೇಳಿದರು, "ನಿಮಗೆ ಮೊದಲೇ ಹೇಗ್ರೀ ಗೊತ್ತಾಯ್ತು?"

ಇಷ್ಟು ವರ್ಷ ಮುಚ್ಚಿಟ್ಟಿದ್ದು ಬಾಯಿಗೆ ಬಂತು. "ನಮ್ಮ ತಾಯಿ ಹೇಳಿದ್ರು ಸಾರ್. ಇಲ್ಲೇ ಕ್ಯಾಂಟೀನಲ್ಲಿ ತಟ್ಟೆ ತೊಳೀತಾರೆ." ಆಫೀಸಿನಲ್ಲಿ ನಾನು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಹೆಮ್ಮೆಯಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ.

ಸಂಜೆ ಅಮ್ಮನಿಗೆ ಶಹಬ್ಬಾಸ್ ಎಂದೆ. ಅಮ್ಮ ಬೀಗಲಿಲ್ಲ. ಕಟ್ಟಿದ ಟ್ರಂಕನ್ನು ಪೆರುಮಾಳ್ ಬಿಚ್ಚುವುದನ್ನು ನೋಡಿಕೊಂಡು ಬಂದಿದ್ದರು.

"ಚೆನ್ನಾಗಿದೆ ಅಂತ ಒಂದು ಮಾತು ಅವನ ಎದುರಿಗೇ ಹೇಳೋಕೆ ನಿಮಗೆಲ್ಲ ಏನಾಗಿತ್ತು?"