ಐದು ಗಂಟೆಯೊಳಗೆ ಓಡಬೇಕಿದ್ದ ರೈಲು

ಬೀದಿಯವರು ಅವಳನ್ನು ಟೈಲರಮ್ಮ ಅನ್ನುತ್ತಿದ್ದರು. ಹೊಲಿಗೆ ಯಂತ್ರದ ಮೋಟಾರು ಮೊಂಡು ಹಿಡಿದರೆ ಯಾರನ್ನೂ ಕರೆಯದೆ ತಾನೇ ಸ್ಕ್ರೂಡ್ರೈವರ್ ಹಿಡಿದು ಕೂತುಬಿಡುವ ಹೆಂಗಸು. ಅಂಥವಳು ಈ ಮಧ್ಯಾಹ್ನ ಒಂದು ಆಟದ ರೈಲಿನ ಮುಂದೆ ಕಂಗಾಲಾಗಿ ನಿಂತಿದ್ದಳು.

ಆಟದ್ದು ಅಂತ ನಾವು ಅನ್ನಬೇಕು, ಅಷ್ಟೆ. ಅವಳ ಯಜಮಾನರು ಮೂವತ್ತೊಂದು ವರ್ಷ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಮಾಡಿದವರು. ನಿವೃತ್ತರಾದ ಮೇಲೆ ನಡುಮನೆಯ ಅರ್ಧ ನುಂಗುವಂಥ ಹಲಗೆ ಜೋಡಿಸಿ, ಅದರ ಮೇಲೆ ಹಳಿ, ಸ್ಟೇಷನ್ನು, ರಟ್ಟಿನ ಸುರಂಗ, ಗುಂಡುಸೂಜಿಯಷ್ಟೆತ್ತರದ ಪ್ರಯಾಣಿಕರು, ಎಲ್ಲ ಕೂರಿಸಿದ್ದರು. ಎರಡು ವರ್ಷದಿಂದ ಮರೆವು ಅವರನ್ನು ತಿನ್ನುತ್ತಾ ಬಂದಿತ್ತು. ಮಗಳ ಹೆಸರು ಹೋಯಿತು, ಬಚ್ಚಲಿನ ದಾರಿ ಹೋಯಿತು, ರೈಲು ಮಾತ್ರ ಉಳಿಯಿತು. ನಾಲ್ಕರಿಂದ ಆರರವರೆಗೆ ಅದನ್ನು ಓಡಿಸುತ್ತಾ ಕೂತರೆ ಆಮೇಲೆ ಸುಮ್ಮನೆ ಉಂಡು ಮಲಗುತ್ತಿದ್ದರು. ಓಡದಿದ್ದರೆ ಬಾಗಿಲು ತೆಗೆದು ನಿಜವಾದ ಹಳಿ ಹುಡುಕಿಕೊಂಡು ಹೊರಟುಬಿಡುತ್ತಿದ್ದರು.

ನಾಲ್ಕು ದಿನದಿಂದ ರೈಲು ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಎರಡು ಸಲ ಅವರನ್ನು ಹಳಿ ಪಕ್ಕದಿಂದ ಕರೆತಂದದ್ದಾಯಿತು. ನಿನ್ನೆ ಎರಡನೇ ಸಲ ಕರೆತಂದ ಮೈದುನ ಖಡಾಖಂಡಿತವಾಗಿ ಹೇಳಿದ್ದ.

"ಅತ್ತಿಗೆ, ನಾಳೆ ಐದಕ್ಕೆ ಕಾರು ತರ್ತೀನಿ. ಮರೆವಿನವರನ್ನ ನೋಡ್ಕೊಳ್ಳೋ ಹೋಮ್ ಇದೆ. ಅಲ್ಲಿ ಗೇಟಿಗೆ ಬೀಗ ಇರುತ್ತೆ."

"ರೈಲು ಓಡಿದ್ರೆ ಮನೇಲೇ ಇರ್ತಾರೆ ಕಣಪ್ಪ."

"ಓಡ್ಲಿ, ನಾನು ಬಾಯಿ ಮುಚ್ಕೋತೀನಿ. ಆದ್ರೆ ಈಗ ಇಲ್ಲದ ಜನ ಬೇರೆ ಕಾಣಿಸ್ತಿದ್ದಾರಲ್ಲ ಅಣ್ಣಂಗೆ, ಅದಕ್ಕೇನಂತೀರಿ?"

ಅವನು ಅಂದದ್ದು ಸುಳ್ಳಲ್ಲ. ಅವಳು ಸ್ವಿಚ್ಚಿಗೆ ಕೈ ಹಾಕಿದಾಗಲೆಲ್ಲ ಯಜಮಾನರು ಕುರ್ಚಿಯಲ್ಲೇ ಕೂತು, "ಬೇಡ, ಲೈನ್ ಮೇಲೆ ಜನ ಇದ್ದಾರೆ" ಅನ್ನುತ್ತಿದ್ದರು.

ಈಗ ಮೂರೂವರೆ. ಸ್ವಿಚ್ಚು ಹಾಕಿದರೆ ಸಾಕು, ಹಳಿಗೆ ಕರೆಂಟು ಕೊಡುವ ಪೆಟ್ಟಿಗೆ ಟಿಕ್ಕೆಂದು ಹಸಿರು ದೀಪ ಆರಿಸಿ ಕೆಂಪು ಉರಿಸುತ್ತಿತ್ತು. ರಿಪೇರಿಯವನು ಪೆಟ್ಟಿಗೆ ಸತ್ತಿದೆ ಅಂದಿದ್ದ. ಹೊಸದು ತಂದರೆ ಅದೂ ಕೆಂಪು. ಎರಡು ಪೆಟ್ಟಿಗೆಗೂ ಒಟ್ಟಿಗೇ ಸಾವು ಬರುತ್ತದೇನು, ಪುಣ್ಯಾತ್ಮ. ಇಂಜಿನ್ ಎತ್ತಿಟ್ಟಳು, ಕೆಂಪು. ಹೊರಗೆ ಕಾಣುವ ಹಳಿಯೆಲ್ಲ ಒರೆಸಿದಳು, ಕೆಂಪು. ಅಂದರೆ ಎಲ್ಲೋ ಎರಡು ಹಳಿಗೂ ಏನೋ ತಾಗಿ ಶಾರ್ಟ್ ಆಗುತ್ತಿದೆ. ಎಲ್ಲಿ ಅಂತ ಹುಡುಕುವುದು?

"ಬೇಡ, ಜನ ಇದ್ದಾರೆ."

"ಸಾಕು ಸುಮ್ನಿರ್ರೀ," ಎಂದು ಗದರಿದಳು. ಗದರಿದ್ದಕ್ಕೆ ತಾನೇ ಅತ್ತಳು. ನಲವತ್ತು ವರ್ಷದಲ್ಲಿ ಆ ಮನುಷ್ಯ ಅವಳ ಮೇಲೆ ಒಮ್ಮೆಯೂ ದನಿ ಎತ್ತಿರಲಿಲ್ಲ.

ಮೂಗು ಒರೆಸಿಕೊಂಡು ಹಲಗೆಯ ಕೆಳಗೆ ತೂರಿದಳು. ಯಜಮಾನರು ಹಳಿಯನ್ನು ನಾಲ್ಕು ಭಾಗ ಮಾಡಿ ಒಂದೊಂದಕ್ಕೂ ಬೇರೆ ತಂತಿ ಕೊಟ್ಟಿದ್ದರು. ಮೊದಲನೇ ಭಾಗದ ತಂತಿ ಬಿಚ್ಚಿದಳು, ಕೆಂಪು. ಎರಡನೆಯದು, ಕೆಂಪು. ಸ್ಕ್ರೂ ಕೈಜಾರಿ ಬಿತ್ತು. ಅದನ್ನು ಹುಡುಕುವಷ್ಟರಲ್ಲಿ ನಾಲ್ಕೂವರೆ. ಮೂರನೆಯದನ್ನು ಬಿಚ್ಚಿದಳು. ಹಸಿರು ಉರಿಯಿತು. ಮೂರನೇ ಭಾಗದಲ್ಲಿ ಅವಳು ಒರೆಸದೆ ಬಿಟ್ಟಿದ್ದದ್ದು ಸುರಂಗ ಒಂದೇ.

ಕೈ ತೂರಿಸಿದಳು. ಸಿಕ್ಕಿದ್ದು ಅವಳದೇ ಹೇರ್‌ಪಿನ್. ಅದು ಜಾರಿ ಬಿದ್ದದ್ದಲ್ಲ. ಯಾರೋ ಅದರ ಎರಡು ಕಾಲು ಅಗಲಿಸಿ, ಒಂದೊಂದನ್ನು ಒಂದೊಂದು ಹಳಿಗೆ ಬಿಗಿಯಾಗಿ ಸಿಕ್ಕಿಸಿದ್ದರು.

"ರೀ, ಇದನ್ನ ಇಟ್ಟಿದ್ದು ನೀವಾ?"

"ಮತ್ತೆ? ಹಳಿಗೆ ಹಳಿ ಕೂಡಿಸಿದ್ರೆ ಸಿಗ್ನಲ್ ಕೆಂಪಾಗುತ್ತೆ, ಗಾಡಿ ನಿಲ್ಲುತ್ತೆ," ಅಂದರು, ಹೊಸ ನೌಕರರಿಗೆ ಹೇಳಿಕೊಡುವ ತಾಳ್ಮೆಯಲ್ಲಿ. "ಲೈನ್ ಮೇಲೆ ಜನ ಇದ್ರೆ ಮೊದಲು ಅದನ್ನೇ ಮಾಡೋದು. ಎಷ್ಟು ಸಲ ಹೇಳಿದೆ."

ಸರ್ವಿಸ್ ಉದ್ದಕ್ಕೂ ಅವರ ಚೀಲದಲ್ಲಿ ಎರಡು ತುದಿಗೂ ಕ್ಲಿಪ್ಪಿದ್ದ ಒಂದು ತುಂಡು ತಂತಿ ಇರುತ್ತಿತ್ತು. ಅದು ಯಾತಕ್ಕೆ ಅಂತ ಅವಳು ಒಂದು ದಿನವೂ ಕೇಳಿರಲಿಲ್ಲ. ಕೆನ್ನೆಯನ್ನು ಹಲಗೆಗೆ ಒತ್ತಿ ಸುರಂಗದೊಳಗೆ ಇಣುಕಿದಳು. ಆಚೆ ಬಾಯಿಯ ಹತ್ತಿರ, ಹಳಿಗಳ ನಡುವೆ, ಪುಟ್ಟ ಪ್ರಯಾಣಿಕಳೊಬ್ಬಳು ಬೋರಲು ಬಿದ್ದಿದ್ದಳು. ನಾಲ್ಕು ದಿನದ ಹಿಂದೆ ಪ್ಲಾಟ್‌ಫಾರ್ಮಿನ ಧೂಳನ್ನು ಬ್ರಷ್ಷಿನಲ್ಲಿ ಆ ಕಡೆಗೆ ತಳ್ಳಿದ್ದು ಟೈಲರಮ್ಮನೇ; ಧೂಳಿನ ಜೊತೆ ಗೊಂಬೆಯೂ ಹೋಗಿತ್ತು. ಅಯ್ಯೋ, ಜನ ಇದ್ದರು. ಇವರು ಡ್ಯೂಟಿ ಮಾಡುತ್ತಿದ್ದರು. ಅದಕ್ಕೇ ಮೈದುನ ಇವರನ್ನು ಬೀಗದೊಳಗೆ ಹಾಕಲು ಹೊರಟಿದ್ದ, ಅವಳು ಗದರಿದ್ದಳು.

ಗೊಂಬೆಯನ್ನು ಎತ್ತಿ ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ, ಮೂರೂ ತಂತಿ ಕೂಡಿಸಿ, ಇಂಜಿನ್ನನ್ನು ಹಳಿಗೇರಿಸಿದಳು. ಹೊರಗೆ ಕಾರು ನಿಂತ ಸದ್ದಾಯಿತು.

"ಪಿನ್ನು ತೆಗೆದಿದ್ದೀನಿ. ಲೈನ್ ಮೇಲೆ ಯಾರೂ ಇಲ್ಲ," ಅಂದಳು.

ಯಜಮಾನರು ಎದ್ದು ಬಂದು ಸುರಂಗದೊಳಗೆ ತಾವೇ ಬಗ್ಗಿ ನೋಡಿದರು. ಆಮೇಲೆ ಗುಂಡಿ ತಿರುಗಿಸಿದರು. ರೈಲು ಹೊರಟಿತು. ಸುರಂಗ ಹೊಕ್ಕು ಆಚೆಯಿಂದ ಬಂತು. ಬಾಗಿಲಲ್ಲಿ ನಿಂತಿದ್ದ ಮೈದುನ ಕಾರಿನ ಕೀಲಿ ಜೇಬಿಗೆ ಹಾಕಿಕೊಂಡ.

ಎರಡು ಸುತ್ತಾದ ಮೇಲೆ ಯಜಮಾನರು ಅವಳ ಮುಖವನ್ನೇ ನೋಡಿದರು.

"ಚೆನ್ನಾಗಿ ಹುಡುಕ್ದೆ ಕಣಮ್ಮ. ಈ ಸೆಕ್ಷನ್‌ಗೆ ಹೊಸಬಳಾ ನೀನು?"

ಅವಳು ಹೇರ್‌ಪಿನ್ನಿನ ಕಾಲು ನೆಟ್ಟಗೆ ಮಾಡಿ ತಲೆಗೆ ಸಿಕ್ಕಿಸಿಕೊಂಡಳು.

"ಹೌದು ಸಾರ್, ಹೊಸಬಳು," ಅಂದಳು.