ಎತ್ತಿದ ಕೈ

ವಿಮಾನ ಹಾರಿಸುವುದನ್ನು ಕಲಿಸುವ ಪರವಾನಗಿ ಬಂದ ಮೇಲೆ ನನಗೆ ಸಿಕ್ಕ ಮೊದಲ ಶಿಷ್ಯ ಇಪ್ಪತ್ತರ ಹುಡುಗ. ಬೀದರ್ ಕಡೆಯಿಂದ ಬಂದು ಹೈದರಾಬಾದಿನ ನಾರಾಯಣಗೂಡದಲ್ಲಿ ನೆಲೆಸಿದ ಬಟ್ಟೆ ವ್ಯಾಪಾರಿಯೊಬ್ಬರ ಮಗ. ನಮ್ಮಪ್ಪ ಕಲಬುರಗಿಯವರು, ಇದೇ ಊರಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಊರಂಚಿನ ಆ ಪುಟ್ಟ ಏರ್‌ಫೀಲ್ಡಿನಲ್ಲಿ ಕನ್ನಡ ಮಾತಾಡುವ ಇನ್‌ಸ್ಟ್ರಕ್ಟರ್ ಇದ್ದಾಳೆಂದು ತಿಳಿದು ಹುಡುಗನ ತಂದೆಗೆ ಬಹಳ ಸಂತೋಷವಾಯಿತು. ಮೊದಲ ದಿನವೇ ನನ್ನನ್ನು ಬೇಲಿಯ ಹತ್ತಿರ ಕರೆದರು.

“ನಮ್ಮ ಭಾಷಾದವರು ಸಿಕ್ಕಿದ್ದು ಭಾಳ ಚಲೋ ಆತ್ರಿ ಮೇಡಂ. ಒಂದ್ ಮಾತ್ ಹೇಳ್ತೀನಿ. ಇಂವ ಬರೇ ಬಾಯಿಮಾತಿಗೆ ಕೇಳಾಂವಲ್ಲ. ಎರಡು ಬಿಟ್ಟು ಕಲಸ್ರಿ. ನಾ ಏನೂ ಅನ್ನಂಗಿಲ್ಲ.”

ಅಪ್ಪಂದಿರು ಆಡುವ ಮಾತು ಅಂದುಕೊಂಡು ನಕ್ಕುಬಿಟ್ಟೆ.

ಹುಡುಗ ಚುರುಕಾಗಿದ್ದ. ಒಮ್ಮೆ ಹೇಳಿದರೆ ಸಾಕು, ಹಿಡಿಯುತ್ತಿದ್ದ. ಆದರೆ ಮೂರನೆಯದೋ ನಾಲ್ಕನೆಯದೋ ಹಾರಾಟದಲ್ಲಿ ಎದುರಿನ ಗಾಜಿನ ನೆತ್ತಿಯಲ್ಲಿದ್ದ ದಿಕ್ಸೂಚಿ ತೋರಿಸಲೆಂದು ನಾನು ಎಡಗೈ ಎತ್ತಿದೆ. ಅವನು ವಿಮಾನ ನಡೆಸುವ ಹಿಡಿಕೆ ಬಿಟ್ಟು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡು ಕಿಟಕಿಯ ಕಡೆ ಮುದುಡಿದ. ಒಂದು ರೆಕ್ಕೆ ವಾಲಿತು. ನಾನೇ ಸರಿಪಡಿಸಿದೆ.

“ಏನಾತು?” ಎಂದೆ.

“ಏನಿಲ್ರಿ ಮೇಡಂ. ರೂಢಿ ಆಗೈತಿ.”

ಆಮೇಲೆ ಅವನ ಪಕ್ಕ ಕೂತಾಗ ಎಡಗೈಯನ್ನು ತೊಡೆಯ ಮೇಲೇ ಇಟ್ಟುಕೊಳ್ಳುವುದನ್ನು ಕಲಿತೆ. ಯಾರಿಗೂ ಏನೂ ಹೇಳಲಿಲ್ಲ. ಹೊಸ ಇನ್‌ಸ್ಟ್ರಕ್ಟರ್ ಬೇರೆಯವರ ಮನೆಯ ವಿಷಯಕ್ಕೆ ಕೈಹಾಕುವುದೇ ಎಂಬ ಅಳುಕು.

ಒಂದು ಭಾನುವಾರ ಸ್ಟಾಲ್ ಅಭ್ಯಾಸ ಇತ್ತು. ವಿಮಾನದ ಮೂತಿ ಎತ್ತಿ ವೇಗ ಕಳೆಯುತ್ತಾ ಹೋದರೆ ಒಂದು ಹಂತದಲ್ಲಿ ರೆಕ್ಕೆಗಳು ಅದನ್ನು ಹೊರಲಾರದೆ ಕೈಬಿಡುತ್ತವೆ. ಆಗ ಹಿಡಿಕೆಯನ್ನು ಮುಂದಕ್ಕೆ ತಳ್ಳಬೇಕು. ಹೆದರಿದವರು ಎಳೆಯುತ್ತಾರೆ. ಕೆಳಗೆ ಕೂತಾಗ ಅವನಿಂದ ಇದನ್ನೆಲ್ಲ ಹೇಳಿಸಿ ಒಪ್ಪಿಸಿಕೊಂಡಿದ್ದೆ. ಮೇಲೆ ಹೋದಾಗ ಎಚ್ಚರಿಕೆಯ ಸದ್ದು ಕೀರಲಾಗಿ ಶುರುವಾಯಿತು, ಎಡರೆಕ್ಕೆ ಧಡಕ್ಕನೆ ಮುರಿದು ಬಿದ್ದಂತೆ ಕುಸಿಯಿತು, ಹುಡುಗ ಮೈಯ ಬಲವನ್ನೆಲ್ಲ ಹಾಕಿ ಹಿಡಿಕೆಯನ್ನು ಎದೆಗೆ ಎಳೆದುಕೊಂಡ.

ವಿಮಾನ ಬುಗುರಿಯಾಯಿತು. ಗಾಜಿನ ತುಂಬ ನೆಲವೇ ತುಂಬಿಕೊಂಡು ತಿರುಗತೊಡಗಿತು. ಬಂಡೆ, ಕೆರೆ, ಬಿಳಿ ಕಟ್ಟಡಗಳು, ಮತ್ತೆ ಬಂಡೆ.

“ಐ ಹ್ಯಾವ್ ಕಂಟ್ರೋಲ್!” ಎಂದು ಕೂಗಿದೆ. ಆ ಮಾತು ಕೇಳಿದ ಕ್ಷಣ ಶಿಷ್ಯ ಕೈಬಿಡಬೇಕು. ಅವನು ಬಿಡಲಿಲ್ಲ. ಅವನದರ ಜೊತೆಗೇ ಅಲುಗುವ ನನ್ನ ಹಿಡಿಕೆಯನ್ನು ಎರಡೂ ಕೈಯಿಂದ ಮುಂದಕ್ಕೆ ನೂಕಿದೆ. ಅವನ ತೋಳು ಕಬ್ಬಿಣವಾಗಿತ್ತು. “ಬಿಡೋ! ಸಾಯ್ತೀವೋ, ಬಿಡೋ!” ಎಂದು ಅರಚಿದೆ. ಮುಂಗೈ ಮೇಲೆ ಮುಷ್ಟಿಯಿಂದ ಗುದ್ದಿದೆ. ಅವನ ಕಣ್ಣು ತೆರೆದೇ ಇತ್ತು, ನೋಟ ಎಲ್ಲೂ ಇರಲಿಲ್ಲ. ಮರಗಳು ಬಿಡಿಬಿಡಿಯಾಗಿ ಕಾಣತೊಡಗಿದವು.

ಆಗ ಎಡಗೈ ಎತ್ತಿದೆ. ಎತ್ತಿ, ಇದ್ದಷ್ಟು ಬಲದಿಂದ ಅವನ ಮುಖಕ್ಕೆ ಹೊಡೆದೆ.

ಅವನ ಎರಡೂ ಕೈ ಹಿಡಿಕೆ ಬಿಟ್ಟು ತಲೆಗೆ ಹಾರಿದವು. ಎಂಜಿನ್ನಿನ ಶಕ್ತಿ ಇಳಿಸಿ, ಬಲಗಾಲಿನ ಪೆಡಲ್ ಪೂರ್ತಿ ಒತ್ತಿ, ಹಿಡಿಕೆ ಮುಂದಕ್ಕೆ ನೂಕಿದೆ. ತಿರುಗುವುದು ನಿಂತಿತು. ಮೆಲ್ಲಗೆ ಎಳೆದೆ, ಮೈ ಸೀಟಿಗೆ ಅಂಟಿಕೊಂಡಂತೆ ಭಾರವಾಗಿ, ಕೊನೆಗೆ ಆಕಾಶ ಕಂಡಿತು. ಅವನ ಹೆಡ್‌ಸೆಟ್ಟಿನ ಮೈಕ್ ತುಟಿಗೆ ಬಡಿದು ಸೀಳಿ ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು. ವಿಮಾನ ಇಳಿಯುವವರೆಗೂ ಅವನು ತಲೆಯಿಂದ ಕೈ ತೆಗೆಯಲಿಲ್ಲ.

ಬೇಲಿಯ ಹೊರಗೆ ಕಾರು ನಿಲ್ಲಿಸಿಕೊಂಡು ಪ್ರತಿ ಭಾನುವಾರ ಕಾಯುವ ತಂದೆ ರಕ್ತ ನೋಡಿ ಒಳಗೆ ಬಂದರು. ನಾನೇ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಸಿಟ್ಟಾಗುತ್ತಾರೆ, ಆಗಲಿ ಎಂದುಕೊಂಡಿದ್ದೆ. ಅವರು ಕೈಮುಗಿದರು.

“ಹೊಡದಿದ್ದು ಚಲೋ ಮಾಡಿದ್ರಿ. ನಾ ಮೊದಲ ಹೇಳಿದ್ದಿಲ್ಲೇನ್ರಿ?”

“ನಿಮ್ಮ ಹೊಡೆತಕ್ಕ ಹೆದರಿ ಹೆದರಿ ಅವ ಮ್ಯಾಲೆ ಕಲ್ಲಾಗಿ ಕುಂತಿದ್ದನ್ರಿ. ಇಬ್ರೂ ಸಾಯ್ತಿದ್ವಿ,” ಎಂದೆ.

ಅವರು ನನ್ನತ್ತ ನೋಡಲೂ ಇಲ್ಲ. ಕಾಲಿನ ಚಪ್ಪಲಿ ಕಳಚಿ ಮಗನ ಕಡೆ ನಡೆದರು. “ಮಂದಿ ಮುಂದ ಮರ್ಯಾದಿ ಕಳೀತಿ ಏನಲೇ?” ಮೊದಲ ಏಟು ಕಿವಿಯ ಮೇಲೆ, ಎರಡನೆಯದು ಸೀಳಿದ ತುಟಿಯ ಮೇಲೇ ಬಿತ್ತು. ಹುಡುಗ ಮೊಣಕಾಲೂರಿದ. ನಾನು ಓಡಿ ಅವರ ಮಣಿಕಟ್ಟು ಹಿಡಿದೆ. ಅವರು ಕೊಡವಿದ ರಭಸಕ್ಕೆ ಹಿಂದಕ್ಕೆ ಹಾರಿ ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಿಗೆ ಭುಜ ಬಡಿದು ಬಿದ್ದೆ. ತಗಡಿನ ಸದ್ದಿಗೆ ಒಳಗಿದ್ದ ಮೆಕ್ಯಾನಿಕ್ಕುಗಳು ಹೊರಗೆ ಬಂದರು.

ಅಷ್ಟರಲ್ಲಿ ಹುಡುಗ ಎದ್ದಿದ್ದ. ಚಪ್ಪಲಿ ಹಿಡಿದ ಕೈಯನ್ನು ಗಾಳಿಯಲ್ಲೇ ಹಿಡಿದ. ಅಪ್ಪ ಇನ್ನೊಂದು ಕೈಯಿಂದ ಕೆನ್ನೆಗೆ, ಕುತ್ತಿಗೆಗೆ, ಎದೆಗೆ ಬಾರಿಸಿದರು. ಅವನು ತಿರುಗಿ ಹೊಡೆಯಲಿಲ್ಲ, ಬಿಡಲೂ ಇಲ್ಲ.

“ಬಿಡಲೇ!”

“ಬಿಟ್ರ ಮತ್ತ ಹೊಡೀತೀರಿ. ಇಲ್ಲಿಗೆ ಇನ್ನ ಬರಬ್ಯಾಡ್ರಿ ಅಪ್ಪಾ. ಮನಿಗೂ ನಾ ಬರಂಗಿಲ್ಲ.”

ಮೆಕ್ಯಾನಿಕ್ಕುಗಳು ಇಬ್ಬರನ್ನೂ ಬಿಡಿಸಿದರು. ತಂದೆ ಏದುಸಿರು ಬಿಡುತ್ತಾ ನೆಲಕ್ಕೆ ಉಗಿದು, ಒಂದೇ ಚಪ್ಪಲಿಯಲ್ಲಿ ಕಾರಿಗೆ ಹೋದರು. ಹುಡುಗ ಗಚ್ಚಿಬೌಲಿಯಲ್ಲಿದ್ದ ಸೋದರಮಾವನಿಗೆ ಫೋನ್ ಮಾಡಿದ. ಅವರು ಬರುವವರೆಗೂ ನಾವಿಬ್ಬರೂ ನೆರಳಲ್ಲಿ ಕೂತಿದ್ದೆವು. ಅವನ ತುಟಿಗೆ ಐಸ್, ನನ್ನ ಭುಜಕ್ಕೂ ಐಸ್.

ಶಿಷ್ಯನ ಮೇಲೆ ಕೈಮಾಡಿದ್ದಕ್ಕೆ ವಿಚಾರಣೆ ಮುಗಿಯುವವರೆಗೆ ತರಬೇತಿ ಶಾಲೆಯವರು ನನ್ನ ಹಾರಾಟ ನಿಲ್ಲಿಸಿದರು. ಅದು ಅನ್ಯಾಯವೆಂದು ನನಗೆ ಅನ್ನಿಸಲಿಲ್ಲ. ಹುಡುಗ ಮುಖ್ಯ ಇನ್‌ಸ್ಟ್ರಕ್ಟರ್ ಎದುರು ನಿಂತು, “ಮೇಡಂ ಹೊಡೀಲಾರದ ಇದ್ದಿದ್ರ ಇವತ್ತು ನಾನಿಲ್ಲಿ ಇರತಿದ್ದಿಲ್ಲ,” ಎನ್ನುವುದನ್ನು ಹಿಂದಿಯಲ್ಲಿ ಹೇಳಿದನಂತೆ. ನನ್ನನ್ನು ಮತ್ತೆ ಹಾರಲು ಬಿಟ್ಟರು.

ಅವನು ಮರಳಿ ನನ್ನ ಪಕ್ಕಕ್ಕೇ ಬರುತ್ತಾನೆಂದು ನಂಬಿದ್ದೆ. ಬಂದವನು ನೆಲ ನೋಡುತ್ತಾ ನಿಂತ.

“ಬ್ಯಾರೆ ಇನ್‌ಸ್ಟ್ರಕ್ಟರ್ ಕೇಳೀನ್ರಿ ಮೇಡಂ. ಸಿಟ್ಟಾಗಬ್ಯಾಡ್ರಿ. ನಿಮ್ಮ ಕೈ ನೋಡಿದ್ರ ಅಪ್ಪಾರ ಕೈ ನೆನಪಾಗ್ತೈತಿ.”

“ಸಿಟ್ಟಿಲ್ಲೋ,” ಎಂದೆ. ಸಿಟ್ಟಿರಲಿಲ್ಲ. ಆದರೆ ಶೌಚಾಲಯದ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅತ್ತೆ.

ಅಂದಿನಿಂದ ಹೊಸ ಶಿಷ್ಯರು ಬಂದರೆ ಎಂಜಿನ್ ಶುರುಮಾಡುವ ಮುಂಚೆ ನೆಲದ ಮೇಲೇ ಒಂದು ಅಭ್ಯಾಸ ಮಾಡಿಸುತ್ತೇನೆ: ಹಿಡಿಕೆಯನ್ನು ಬಿಗಿಯಾಗಿ ಹಿಡಿ, ನಾನು ಹೇಳಿದ ಕೂಡಲೇ ಬಿಡು. ಮಾತಿಗೇ ಬೆರಳು ಬಿಚ್ಚಿಕೊಳ್ಳುವವರೆಗೆ, ಬೇಸರವಾಗುವಷ್ಟು ಸಲ.

ಕೆಲವು ತಿಂಗಳ ಮೇಲೆ ಒಬ್ಬ ಹೊಸ ಹುಡುಗಿಯ ಜೊತೆ ಗಾಳಿಯಲ್ಲಿದ್ದಾಗ ರೇಡಿಯೋದಲ್ಲಿ ಅವನ ದನಿ ಕೇಳಿತು. ಅಂದು ಅವನು ಮೊದಲ ಸಲ ಒಬ್ಬನೇ ಹಾರುತ್ತಿದ್ದ. ಇಳಿಯಲು ಅನುಮತಿ ಕೇಳುತ್ತಿದ್ದ. ದನಿ ಸ್ವಲ್ಪ ಗಟ್ಟಿಯಾಗಿತ್ತು, ತಡವರಿಸಲಿಲ್ಲ. ನನ್ನ ಪಕ್ಕದ ಹುಡುಗಿ, “ನಾವೂ ಇಳಿಯೋಣವೇ?” ಎಂದು ಕೇಳಿದಳು. ಇನ್ನೊಂದು ಸುತ್ತು ಹೋಗೋಣ, ಅವನು ಇಳಿಯಲಿ ಎಂದೆ.